ಎಲ್ಲ ಸರಿಯಿದೆ ಎಂದ ಮೇಲೆ ಕೇಳಬೇಕಾದ್ದು



ಈ ಉಪನ್ಯಾಸಕ್ಕಾಗಿ ಇಟ್ಟ ದತ್ತಿಯ ಷರತ್ತು ಎರಡೇ. ಉಪನ್ಯಾಸ ಆರೋಗ್ಯದ ಕುರಿತಾಗಿರಬೇಕು, ಮತ್ತು ಕೇಳಿದವರಿಗೆ ಮನೆಗೆ ಹೋದ ಮೇಲೂ ಉಪಯೋಗಕ್ಕೆ ಬರಬೇಕು. ಎರಡನೆಯದು ಕಷ್ಟದ್ದು. ಹೃದಯದ ಬಗ್ಗೆ ಮಾತಾಡಿ ಎಂದರೆ ನನ್ನಂಥ ವೈದ್ಯರು ಎಣ್ಣೆ, ಉಪ್ಪು, ಬೆಳಗಿನ ವಾಕಿಂಗು ಅಂತ ಶುರುಮಾಡಿಬಿಡುತ್ತೇವೆ. ಅದನ್ನೆಲ್ಲ ನೀವು ಟೀವಿಯಲ್ಲಿ ಸಾಕುಸಾಕೆನ್ನುವಷ್ಟು ಕೇಳಿದ್ದೀರಿ. ಅದಕ್ಕೇ ಇವತ್ತು ಸಣ್ಣದೊಂದು ವಿಷಯ ಹಿಡಿದಿದ್ದೇನೆ. ಪೇಸ್‌ಮೇಕರ್ ಹಾಕಿಸಿಕೊಂಡವರು ಆಮೇಲೆ ತಪಾಸಣೆಗೆ ಹೋದಾಗ ಏನೇನು ಕೇಳಬೇಕು ಎಂಬುದು. ಹೆಗಲ ಮೂಳೆಯ ಕೆಳಗೆ ಪೇಸ್‌ಮೇಕರಿನ ಆ ಸಣ್ಣ ಉಬ್ಬು ಇರುವವರು ಈ ಸಭೆಯಲ್ಲೇ ಇದ್ದೀರಿ. ಉಳಿದವರ ಮನೆಯಲ್ಲೋ ನೆಂಟರಲ್ಲೋ ಒಬ್ಬರಾದರೂ ಇರುತ್ತಾರೆ.

ತಪಾಸಣೆಯ ದಿನ ಹೇಗಿರುತ್ತದೆಂದು ನಿಮಗೆ ಗೊತ್ತು. ಒಂದು ಕಂಪನಿಯ ಪೇಸ್‌ಮೇಕರನ್ನು ಇನ್ನೊಂದು ಕಂಪನಿಯ ಯಂತ್ರ ಓದುವುದಿಲ್ಲ. ಓದುವ ಆ ಯಂತ್ರಕ್ಕೆ ಪ್ರೋಗ್ರಾಮರ್ ಎನ್ನುತ್ತಾರೆ, ಅದನ್ನು ಎಷ್ಟೋ ಕಡೆ ಕಂಪನಿಯ ಟೆಕ್ನಿಷಿಯನ್ನರೇ ಹೊತ್ತು ತರುತ್ತಾರೆ. ಅವರು ಬರುವ ದಿನವೇ ತಪಾಸಣೆಯ ದಿನ. ಹಾಸನದಿಂದಲೋ ಚಾಮರಾಜನಗರದಿಂದಲೋ ಮೊದಲ ಬಸ್ಸು ಹಿಡಿದು ಬಂದವರು ಬೆಂಚಿನ ಮೇಲೆ ಕಾದು ಕೂತು, ಹೆಸರು ಕೂಗಿದಾಗ ಒಳಗೆ ಹೋಗಿ ಮಲಗುತ್ತಾರೆ. ಹತ್ತು ಹದಿನೈದು ನಿಮಿಷದ ಕೆಲಸ. ಹಾಗೆ ಬಂದ ಒಬ್ಬ ಅಜ್ಜಿ ಕೇಳುವುದು ಒಂದೇ ಪ್ರಶ್ನೆ: “ಬ್ಯಾಟರಿ ಎಷ್ಟಿದೆ ಸಾರ್?” “ಇನ್ನೂ ಏಳು ವರ್ಷ ಬರುತ್ತೆ ಅಜ್ಜಿ, ಎಲ್ಲ ಸರಿಯಿದೆ. ಆರು ತಿಂಗಳು ಬಿಟ್ಟು ಬನ್ನಿ.” ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದು ಬರುತ್ತಾರೆ.

ಟೆಕ್ನಿಷಿಯನ್ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆದರೆ ಸರಿಯಿದೆ ಅಂದರೆ ಯಂತ್ರ ಸರಿಯಿದೆ ಅಂತ. ಅದು ಈ ಅಜ್ಜಿಯ ಓಡಾಟಕ್ಕೆ, ನಿದ್ದೆಗೆ, ಅವರ ಮನೆಯ ಮೆಟ್ಟಿಲಿಗೆ ಹೊಂದಿದೆಯೇ ಎಂಬುದನ್ನು ಯಾರೂ ಕೇಳಲಿಲ್ಲ. ಹೊಸ ಸೈಕಲ್ಲನ್ನು ಅಂಗಡಿಯವನು ಯಾವುದೋ ಒಂದು ಎತ್ತರಕ್ಕೆ ಸೀಟು ಬಿಗಿದು ಕೊಟ್ಟಿರುತ್ತಾನಲ್ಲ, ಪೇಸ್‌ಮೇಕರಿನ ಮೊದಲ ಲೆಕ್ಕಗಳೂ, ಅಂದರೆ ಸೆಟ್ಟಿಂಗುಗಳೂ, ಹಾಗೇ. ಕಾಲು ನೆಲಕ್ಕೆ ಎಟುಕುತ್ತಿಲ್ಲ ಎಂದು ಹೇಳಬೇಕಾದವರು ಹತ್ತಿದವರೇ.

ಸ್ವಲ್ಪ ಹಿಂದಿನ ಸಂಗತಿ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೋಲಿನ್‌ಸ್ಕಾ ಆಸ್ಪತ್ರೆಯಲ್ಲಿ, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದ ಪೇಸ್‌ಮೇಕರನ್ನು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಆರ್ನೆ ಲಾರ್ಸನ್ ಎಂಬ 43 ವರ್ಷದ ರೋಗಿಗೆ ಹಾಕಿದರು. ಪೂರಾ ದೇಹದೊಳಗೇ ಕೂತ ಮೊದಲ ಪೇಸ್‌ಮೇಕರ್ ಅದು. ಶೂ ಪಾಲಿಶ್ ಡಬ್ಬಿಯನ್ನೇ ಅಚ್ಚು ಮಾಡಿಕೊಂಡು ಎಪಾಕ್ಸಿ ಹೊಯ್ದು ಮಾಡಿದ್ದು. ಕೆಲವೇ ಗಂಟೆಗಳಲ್ಲಿ ಕೆಟ್ಟುಹೋಯಿತು, ಇನ್ನೊಂದನ್ನು ಹಾಕಿದರು. ಲಾರ್ಸನ್ ತೀರಿಕೊಂಡದ್ದು 2001ರಲ್ಲಿ, 86ನೆಯ ವಯಸ್ಸಿನಲ್ಲಿ, ಅದೂ ಚರ್ಮದ ಕ್ಯಾನ್ಸರಿನಿಂದ. ಯಂತ್ರ ಮಾಡಿದವರು, ಹಾಕಿದವರು ಇಬ್ಬರೂ ಅಷ್ಟರೊಳಗೆ ಹೋಗಿಬಿಟ್ಟಿದ್ದರು. ಲಾರ್ಸನ್ ಬದುಕಿನುದ್ದಕ್ಕೂ ಬದಲಾಯಿಸಿಕೊಂಡದ್ದು 26 ಪೇಸ್‌ಮೇಕರ್. ಇದನ್ನು ಯಂತ್ರದ ಗೆಲುವು ಎಂದು ಹೇಳುವುದು ವಾಡಿಕೆ. ನನಗೇನೋ ಇದು ತಪಾಸಣೆಯ ಗೆಲುವು ಅನ್ನಿಸುತ್ತದೆ. ಅಷ್ಟು ಸಲ ಸೋತ ಯಂತ್ರದ ಮೇಲೆ ಯಾರೋ ಸದಾ ಕಣ್ಣಿಟ್ಟಿದ್ದರಿಂದ ಆ ಮನುಷ್ಯ ಉಳಿದರು. ಆಗಿನ ಪಾದರಸದ ಬ್ಯಾಟರಿಗಳು ಎರಡು ವರ್ಷದ ಆಸುಪಾಸಿನಲ್ಲಿ ಮುಗಿಯುತ್ತಿದ್ದವು. 1970ರ ದಶಕದಲ್ಲಿ ವಿಲ್ಸನ್ ಗ್ರೇಟ್‌ಬ್ಯಾಚ್ ಅವರ ಕೆಲಸದಿಂದ ಲಿಥಿಯಂ-ಅಯೋಡಿನ್ ಬ್ಯಾಟರಿ ಬಂದ ಮೇಲೆ ಆಯಸ್ಸು ಹೆಚ್ಚುತ್ತಾ ಬಂತು, ಈಗ ಎಂಟು ಹತ್ತು ವರ್ಷ, ಕೆಲವರಿಗೆ ಅದಕ್ಕೂ ಮೇಲೆ. ಯಂತ್ರದ ಮೇಲೆ ನಂಬಿಕೆ ಬಂದಷ್ಟೂ ನಮ್ಮ ಕಣ್ಣು ಸಡಿಲವಾಯಿತು.

ಮಲಗಿದ ಮೇಲೆ ನಡೆಯುವುದೇನು ಎಂದು ತಿಳಿದಿದ್ದರೆ ಕೇಳುವುದು ಸುಲಭ. ಕೈಕಾಲಿಗೆ ಇಸಿಜಿ ತಂತಿ ಹಚ್ಚುತ್ತಾರೆ, ಉಬ್ಬಿನ ಮೇಲೆ ಅಂಗೈಯಗಲದ ಒಂದು ಸಾಧನ ಇಡುತ್ತಾರೆ. ಹೊಸ ಮಾದರಿಗಳಿಗೆ ಎಷ್ಟೋ ವೇಳೆ ಅದೂ ಬೇಡ. ಪರದೆಯ ಮೇಲೆ ನಿಮ್ಮ ಬಡಿತ ಓಡತೊಡಗುತ್ತದೆ. ಟೆಕ್ನಿಷಿಯನ್ ಮೊದಲು ಪೇಸ್‌ಮೇಕರಿನ ವೇಗ ಇಳಿಸಿ, ಒಳಗೆ ನಿಮ್ಮ ಸ್ವಂತ ಬಡಿತ ಎಷ್ಟಿದೆ ನೋಡುತ್ತಾರೆ. ಆಮೇಲೆ ಪೇಸ್‌ಮೇಕರಿನಿಂದ ಹೃದಯಕ್ಕೆ ಹೋಗುವ ತಂತಿಯ ಪರೀಕ್ಷೆ. ಹೃದಯಕ್ಕೆ ಕೊಡುವ ವಿದ್ಯುತ್ತನ್ನು ಎರಡು ವೋಲ್ಟ್, ಒಂದೂವರೆ, ಒಂದು, ಮುಕ್ಕಾಲು ಎಂದು ಇಳಿಸುತ್ತಾ ಬರುತ್ತಾರೆ. ಒಂದು ಹಂತದಲ್ಲಿ ಪರದೆಯ ಮೇಲೆ ಪೇಸ್‌ಮೇಕರಿನ ಗೆರೆ ಏಳುತ್ತದೆ, ಅದರ ಹಿಂದೆ ಬರಬೇಕಾದ ಹೃದಯದ ಅಲೆ ಬರುವುದಿಲ್ಲ. ಕೆಲವರಿಗೆ ಆ ಒಂದು ಕ್ಷಣ ಎದೆ ಧಸಕ್ಕೆನ್ನುತ್ತದೆ, ತಲೆ ಹಗುರಾದಂತಾಗುತ್ತದೆ. ಕೂಡಲೇ ವೋಲ್ಟ್ ಏರಿಸುತ್ತಾರೆ, ಗಾಬರಿಯಾಗಬೇಕಿಲ್ಲ. ನಿಮ್ಮ ಹೃದಯ ಓಗೊಡುವ ಕನಿಷ್ಠ ವಿದ್ಯುತ್ತು ಎಷ್ಟೆಂದು ಹೀಗೆ ಗೊತ್ತಾಗುತ್ತದೆ. ಅದರ ಎರಡರಷ್ಟು ಇಡುವುದು ಸಾಮಾನ್ಯ ರೂಢಿ.

ಹಾಕಿಸಿಕೊಂಡ ಮೊದಲ ವಾರಗಳಲ್ಲಿ ತಂತಿಯ ತುದಿ ತಗುಲಿದ ಜಾಗ ಬಾತಿರುತ್ತದೆ, ಆ ಕನಿಷ್ಠ ಏರಬಹುದು. ಹಾಗಾಗಿ ಸುಮಾರು ಮೂರೂವರೆ ವೋಲ್ಟಿನಷ್ಟು ಧಾರಾಳವಾಗಿ ಇಟ್ಟು ಕಳಿಸುತ್ತಾರೆ. ಎರಡು ಮೂರು ತಿಂಗಳಾದ ಮೇಲೆ ಅದನ್ನು ಇಳಿಸಬೇಕು. ಕೆಲವು ಯಂತ್ರಗಳು ತಾವೇ ಇಳಿಸಿಕೊಳ್ಳುತ್ತವೆ, ಕೆಲವನ್ನು ನಾವು ಇಳಿಸಬೇಕು. ನೀವು ಆ ಭೇಟಿ ತಪ್ಪಿಸಿಕೊಂಡರೆ ಅದು ಅಷ್ಟರಲ್ಲೇ ಓಡುತ್ತಾ ಇರುತ್ತದೆ, ಬ್ಯಾಟರಿಯಿಂದ ವರ್ಷಗಳೇ ಕಳೆದುಹೋಗುತ್ತವೆ. “ಗಾಯ ಒಣಗಿತು, ಇನ್ನೇನು” ಎಂದು ಮೂರನೆಯ ತಿಂಗಳ ಭೇಟಿಗೆ ಚಕ್ಕರ್ ಹೊಡೆಯುವವರು ನಮ್ಮಲ್ಲಿ ಬಹಳ. ಆ ದಿನ ಕೇಳಬೇಕಾದ್ದು ಇದನ್ನೇ: ವೋಲ್ಟ್ ಇಳಿಸಿದ್ದೀರಾ, ತಂತಿ ನೆಲೆನಿಂತಿದೆಯಾ?

ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ನನಗೆ ಇದನ್ನು ಯಾಕೆ ಹಾಕಿದರು, ನನ್ನ ಹೃದಯ ಇದರ ಮೇಲೆ ಎಷ್ಟು ನಿಂತಿದೆ? ಕೆಲವರಿಗೆ ಹೃದಯದ ಮೇಲ್ಗಡೆ ಬಡಿತ ಹುಟ್ಟುವ ಜಾಗವೇ ಸೋಮಾರಿಯಾಗಿರುತ್ತದೆ. ಅವರಿಗೆ ಪೇಸ್‌ಮೇಕರ್ ಬೇಕಾದಾಗ ಮಾತ್ರ ಕೈಜೋಡಿಸುತ್ತದೆ. ಇನ್ನು ಕೆಲವರಿಗೆ ಮೇಲಿನ ಸಂಕೇತ ಕೆಳಗಿಳಿಯುವ ದಾರಿಯೇ ಮುಚ್ಚಿರುತ್ತದೆ. ಅವರಲ್ಲಿ ಹಲವರಿಗೆ ಹೆಚ್ಚುಕಡಿಮೆ ಪ್ರತಿ ಬಡಿತವೂ ಯಂತ್ರದ್ದೇ. ಇಬ್ಬರ ಕೈಯಲ್ಲೂ ಒಂದೇ ಥರದ ಪೇಸ್‌ಮೇಕರ್ ಕಾರ್ಡು ಇರುತ್ತದೆ, ಅಪಾಯ ಮಾತ್ರ ಒಂದೇ ಅಲ್ಲ. ಎರಡನೆಯವರು ತಲೆಸುತ್ತಿ ಕಣ್ಣು ಕತ್ತಲೆ ಬಂತೆಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಇದರ ಬೆನ್ನಿಗೇ ಬರುವುದು ಶೇಕಡಾವಾರಿನ ಪ್ರಶ್ನೆ. ಕಳೆದ ಭೇಟಿಯಿಂದ ಈಚೆಗೆ ಮೇಲಿನ ಕೋಣೆಯನ್ನು ಎಷ್ಟು ಪಾಲು, ಕೆಳಗಿನ ಕೋಣೆಯನ್ನು ಎಷ್ಟು ಪಾಲು ಯಂತ್ರವೇ ಬಡಿಸಿದೆ ಎಂದು ಅದೇ ಬರೆದಿಟ್ಟುಕೊಂಡಿರುತ್ತದೆ. ಕೆಳಗಿನ ಬಲಕೋಣೆಯನ್ನು ವರ್ಷಗಟ್ಟಲೆ ಹೊರಗಿನ ವಿದ್ಯುತ್ತಿನಿಂದ ಬಡಿಸಿದರೆ ಎಡ ಬಲ ಗೋಡೆಗಳ ತಾಳ ತಪ್ಪಿ, ಕೆಲವರಲ್ಲಿ ಹೃದಯದ ಪಂಪಿನ ಶಕ್ತಿಯೇ ಕುಗ್ಗುತ್ತದೆ. ಈ ಪಾಲು ನೂರಕ್ಕೆ ಇಪ್ಪತ್ತು, ನಲವತ್ತು ದಾಟಿದಂತೆ ನಾವು ಹುಷಾರಾಗುತ್ತೇವೆ. ದಾರಿ ಪೂರ್ತಿ ಮುಚ್ಚಿದವರಿಗೆ ಇದು ಅನಿವಾರ್ಯ. ಆದರೆ ದಾರಿ ತೆರೆದಿರುವವರಲ್ಲೂ ಯಂತ್ರ ಸುಮ್ಮಸುಮ್ಮನೆ ಮುಂದೆ ನುಗ್ಗಿ ಬಡಿಸುತ್ತಿದ್ದರೆ ಲೆಕ್ಕ ಬದಲಿಸಿ ತಡೆಯಬಹುದು. “ನನ್ನ ಕೆಳಗಿನ ಕೋಣೆಯ ಪಾಲು ಎಷ್ಟು? ಕಡಿಮೆ ಮಾಡಲಾಗುತ್ತದೆಯೇ? ಕೊನೆಯ ಎಕೋ (ಹೃದಯದ ಸ್ಕ್ಯಾನ್) ಆದದ್ದು ಯಾವಾಗ?” ಈ ಮೂರು ಮಾತು ಬ್ಯಾಟರಿಯ ಪ್ರಶ್ನೆಗಿಂತ ದೊಡ್ಡವು. ನಡೆದರೆ ಏದುಸಿರು, ಸಂಜೆಗೆ ಕಾಲು ಊತ, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಇವುಗಳನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವ ಮೊದಲು ಎಕೋ ಮಾಡಿಸಬೇಕು.

ಈಗ ವೇಗದ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ರಾತ್ರಿ ಹನ್ನೆರಡಕ್ಕೆ ಬರುವ ಫೋನುಗಳಲ್ಲಿ ಇದಕ್ಕೆ ಸಂಬಂಧಿಸಿದವೇ ಜಾಸ್ತಿ. ಮನೆಯ ಬಿಪಿ ಯಂತ್ರದಲ್ಲಿ ನಾಡಿ 38 ಅಂತ ತೋರಿಸುತ್ತಿದೆ, ಪೇಸ್‌ಮೇಕರ್ ನಿಂತುಹೋಯಿತೇ? ಎಷ್ಟೋ ಸಲ ನಿಂತಿರುವುದಿಲ್ಲ. ಹೃದಯ ನಡುನಡುವೆ ಅವಸರದ ಒಂದು ಬಡಿತ ಹಾಕುತ್ತದೆ, ಅದು ಕೈಯ ನಾಡಿಯವರೆಗೆ ತಲಪುವಷ್ಟು ಬಲವಾಗಿರುವುದಿಲ್ಲ. ಬಿಪಿ ಯಂತ್ರ ಎಣಿಸುವುದು ಕೈಗೆ ತಲಪಿದ್ದನ್ನು ಮಾತ್ರ. ಒಂದು ಬಿಟ್ಟು ಒಂದು ಹೀಗಾದರೆ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಹಾಗೆಂದು ಅಲಕ್ಷ್ಯ ಮಾಡಿ ಎನ್ನುತ್ತಿಲ್ಲ, ಇಸಿಜಿ ತೆಗೆದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಜತೆಗೆ ತಲೆಸುತ್ತು ಇದ್ದರಂತೂ ಹೊರಟುಬಿಡಿ. ನಿಮಗೆ ಇಟ್ಟಿರುವ ಕನಿಷ್ಠ ವೇಗ ಎಷ್ಟು, ರಾತ್ರಿ ನಿದ್ದೆಯ ಹೊತ್ತಿಗೆ ಅದನ್ನು 50ಕ್ಕೆ ಇಳಿಸಿದ್ದಾರೆಯೇ, ಎಷ್ಟಕ್ಕಿಂತ ಕೆಳಗೆ ಬಂದರೆ ಓಡಿಬರಬೇಕು ಎಂಬುದನ್ನು ಕೇಳಿ ಫೈಲಿನ ಮೇಲೆ ಬರೆಸಿಕೊಂಡಿದ್ದರೆ ಅರ್ಧರಾತ್ರಿಯ ಆಟೋ ಹುಡುಕಾಟ ಬಹಳಷ್ಟು ತಪ್ಪುತ್ತದೆ.

ಇನ್ನೊಂದು ಮಗ್ಗುಲೂ ಇದೆ. ಕೆಲಸ ಮಾಡುವಾಗ ಬಡಿತ ಏರಬೇಕು. ಸ್ವಂತ ಹೃದಯ ಏರಿಸಲಾರದವರಿಗೆ ಪೇಸ್‌ಮೇಕರಿನಲ್ಲೊಂದು ಸಂವೇದಕ ಇರುತ್ತದೆ. ಹೆಚ್ಚಿನವು ಮೈಯ ಅಲುಗಾಟ ನೋಡಿ ಬಡಿತ ಏರಿಸುವಂಥವು. ಅದರ ತಮಾಷೆ ನೋಡಿ. ಶಿರಾಡಿ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಲುಕಾಡುತ್ತಾ ಕೂತವರಿಗೆ ಅದು ಏನೋ ದುಡಿಮೆ ನಡೆದಿದೆ ಎಂದುಕೊಂಡು ಬಡಿತ ಏರಿಸಬಹುದು. ಅದೇ ಮನುಷ್ಯ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಒಂದೊಂದಾಗಿ, ಮೈ ಅಲುಗದಂತೆ ಹುಷಾರಾಗಿ ಹತ್ತುವಾಗ ಅದಕ್ಕೆ ಗೊತ್ತೇ ಆಗದೆ 60ರಲ್ಲೇ ಕೂತಿರಬಹುದು. ಕಾಲು ಸೋತು ಬಂತು, ಉಸಿರು ಸಾಲಲಿಲ್ಲ ಎಂದು ಅವರು ಕೂತುಬಿಡುತ್ತಾರೆ. ಅದು ಹೃದಯದ ಸೋಲಲ್ಲ, ಸಂವೇದಕದ ಲೆಕ್ಕದ ಸೋಲು. ತಪಾಸಣೆಯ ದಿನ ಪರದೆಯ ಮೇಲೆ ಬಡಿತದ ವೇಗಗಳ ಪಟ್ಟಿ ಕಂಬಕಂಬವಾಗಿ ನಿಂತಿರುತ್ತದೆ. ಎಲ್ಲ ಕಂಬವೂ 60ರ ಹತ್ತಿರವೇ ಗುಂಪುಗೂಡಿದ್ದರೆ, ಒಂದೋ ನೀವು ಆರು ತಿಂಗಳು ಕುರ್ಚಿ ಬಿಟ್ಟು ಎದ್ದಿಲ್ಲ, ಇಲ್ಲವೇ ಸಂವೇದಕ ಆಫ್ ಆಗಿದೆ ಅಥವಾ ಮಂದವಾಗಿದೆ. ಯಾವುದೆಂದು ಪರದೆ ಹೇಳಲಾರದು, ನೀವು ಹೇಳಬೇಕು. “ಎರಡನೇ ಮಹಡಿ ಹತ್ತುವಾಗ ಸೋಲುತ್ತೇನೆ, ಮೊದಲು ಹೀಗಿರಲಿಲ್ಲ” ಎಂದು ಹೇಳಿ, ಕಾರಿಡಾರಿನಲ್ಲಿ ಒಂದು ಸುತ್ತು ನಡೆಸಿ ನೋಡಿ ಎಂದು ಕೇಳಿ. ಸಂವೇದಕವನ್ನು ಚುರುಕುಮಾಡುವುದು ಪರದೆಯ ಮೇಲಿನ ಕೆಲಸ, ಚಾಕು ಬೇಡ, ಚುಚ್ಚುಮದ್ದು ಬೇಡ.

ಯಂತ್ರ ಬರೆದಿಟ್ಟುಕೊಳ್ಳುವ ಇನ್ನೊಂದು ಸಂಗತಿ ನಿಮಗೆ ಅರಿವಿಲ್ಲದೆ ನಡೆದಿರಬಹುದು. ಹೃದಯದ ಮೇಲಿನ ಕೋಣೆ ಕೆಲವೊಮ್ಮೆ ಲಯ ತಪ್ಪಿ ಓಡುತ್ತಾ ಅದುರುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ. 2012ರಲ್ಲಿ ಪ್ರಕಟವಾದ ಅಸರ್ಟ್ ಎಂಬ ಅಧ್ಯಯನದಲ್ಲಿ, 65 ದಾಟಿದ, ಬಿಪಿ ಇರುವ, ಇಂಥ ಯಂತ್ರ ಹಾಕಿಸಿಕೊಂಡಿದ್ದ 2,580 ಜನರನ್ನು ಗಮನಿಸಿದರು. ಮೂರು ತಿಂಗಳಲ್ಲಿ ನೂರಕ್ಕೆ ಹತ್ತು ಮಂದಿಯಲ್ಲಿ ಆರು ನಿಮಿಷಕ್ಕೂ ಹೆಚ್ಚು ಕಾಲದ ಇಂಥ ಓಟ ಕಂಡಿತು. ಅಂಥವರಲ್ಲಿ ಲಕ್ವದ ಅಪಾಯ ಸುಮಾರು ಎರಡೂವರೆ ಪಟ್ಟು. ಆದರೆ ಕಂಡೊಡನೆ ಎಲ್ಲರಿಗೂ ರಕ್ತ ತೆಳುವಾಗಿಸುವ ಮಾತ್ರೆ ಕೊಡಬೇಕೆಂದಲ್ಲ. 2023ರ ಆರ್ಟೀಸಿಯಾ ಅಧ್ಯಯನದಲ್ಲಿ ಮಾತ್ರೆಯಿಂದ ಲಕ್ವ ಕಡಿಮೆಯಾಯಿತು, ಜೊತೆಗೆ ರಕ್ತಸ್ರಾವ ಹೆಚ್ಚಿತು. ಓಟ ಎಷ್ಟು ಹೊತ್ತಿನದು, ನಿಮ್ಮ ವಯಸ್ಸೆಷ್ಟು, ಬಿಪಿ ಸಕ್ಕರೆ ಇದೆಯೇ, ಹಿಂದೆ ಲಕ್ವ ಹೊಡೆದಿತ್ತೇ, ಇವನ್ನೆಲ್ಲ ತೂಗಿ ವೈದ್ಯರು ತೀರ್ಮಾನಿಸಬೇಕು. ಇಲ್ಲೊಂದು ತೊಡಕಿದೆ. ಯಂತ್ರ ನೋಡುವವರು ಕಂಪನಿಯ ಟೆಕ್ನಿಷಿಯನ್, ಮಾತ್ರೆ ಬರೆಯುವವರು ವೈದ್ಯರು. ಪ್ರಿಂಟು ತೆಗೆದ ಕಾಗದ ಫೈಲಿಗೆ ಸೇರಿ ಅಲ್ಲೇ ಮಲಗಿಬಿಡಬಹುದು. “ಮೇಲಿನ ಕೋಣೆಯ ಓಟ ಏನಾದರೂ ದಾಖಲಾಗಿದೆಯಾ? ಡಾಕ್ಟರು ನೋಡಿದರಾ?” ಎಂದು ಕೇಳಿ, ಆ ಕಾಗದದ ಒಂದು ಪ್ರತಿ ಮನೆಗೆ ತನ್ನಿ.

ಮೈಮೇಲಿನ ಸಂಗತಿಗಳನ್ನು ಹೇಳಲು ನಮ್ಮ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಒಳಉಡುಪಿನ ಪಟ್ಟಿ ಉಬ್ಬಿನ ಮೇಲೆ ಉಜ್ಜಿ ಚರ್ಮ ಕೆಂಪಾಗಿದ್ದರೂ ಗಂಡಸು ಟೆಕ್ನಿಷಿಯನ್ ಮುಂದೆ ಬಾಯಿಬಿಡುವುದಿಲ್ಲ. ನರ್ಸನ್ನು ಕರೆಯಿರಿ ಎಂದು ಕೇಳುವ ಹಕ್ಕು ನಿಮಗಿದೆ. ಉಬ್ಬಿನ ಚರ್ಮ ತೆಳುವಾಗಿ ಹೊಳೆಯುತ್ತಿದ್ದರೆ, ಕೆಂಪಗೆ ಬಿಸಿಯಾಗಿದ್ದರೆ, ಒಂದು ಹನಿ ಕೀವು ಬಂದರೂ ಹಾಕಿದ ಆಸ್ಪತ್ರೆಗೇ ಹೋಗಿ. ಹತ್ತಿರದ ಕ್ಲಿನಿಕ್ಕಿನಲ್ಲಿ ಸೂಜಿ ಹಾಕಿ ನೀರು ತೆಗೆಸಬೇಡಿ. ಸೂಜಿಯೇ ಸೋಂಕನ್ನು ಒಳಗೆ ಒಯ್ಯುತ್ತದೆ. ಸೋಂಕು ಯಂತ್ರಕ್ಕೆ ಇಳಿದ ಮೇಲೆ ಬರೀ ಮಾತ್ರೆಯಿಂದ ವಾಸಿಯಾಗದು, ಯಂತ್ರ ತಂತಿ ಎರಡನ್ನೂ ತೆಗೆಯಬೇಕಾಗುತ್ತದೆ. ಬಿಡದ ಬಿಕ್ಕಳಿಕೆ ಅಥವಾ ಹೊಟ್ಟೆಯ ಮೇಲ್ಭಾಗ ತಾಳಬದ್ಧವಾಗಿ ಅದುರುವುದು ಕೂಡ ಪೇಸ್‌ಮೇಕರಿನ ಕೆಲಸವಿರಬಹುದು: ವಿದ್ಯುತ್ತು ವಪೆಗೋ ಅದರ ನರಕ್ಕೋ ತಗುಲುತ್ತಿರುತ್ತದೆ. ಅದನ್ನೂ ಹೇಳಿ, ಎಷ್ಟೋ ಸಲ ವೋಲ್ಟ್ ಇಳಿಸಿದರೆ ನಿಲ್ಲುತ್ತದೆ. ಇನ್ನು ಕೈ ಎತ್ತಬೇಡಿ ಎಂದದ್ದು ಮೊದಲ ನಾಲ್ಕಾರು ವಾರಕ್ಕೆ. ಅದನ್ನೇ ನೆಚ್ಚಿಕೊಂಡು ವರ್ಷವಿಡೀ ತೋಳು ಕಟ್ಟಿ ಕೂತು ಹೆಗಲು ಹಿಡಿಸಿಕೊಂಡವರಿದ್ದಾರೆ.

ವಿದ್ಯುತ್ತಿನ ಭಯಕ್ಕೆ ಬರುತ್ತೇನೆ. ಮೊಬೈಲನ್ನು ಉಬ್ಬಿನಿಂದ ಒಂದು ಗೇಣಿನಷ್ಟು ದೂರ ಇಟ್ಟು, ಇನ್ನೊಂದು ಬದಿಯ ಕಿವಿಗೆ ಹಿಡಿದರೆ ಮುಗಿಯಿತು. ಅಂಗಿಯ ಎದೆಜೇಬು ಬೇಡ. ಮಿಕ್ಸಿ, ಟೀವಿ, ಗ್ರೈಂಡರಿನ ಚಿಂತೆ ಬಿಡಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ನಿಲ್ಲಿ. ಮೆಟ್ರೋ ಬಾಗಿಲಿನ ಚೌಕಟ್ಟನ್ನು ನಿಲ್ಲದೆ ದಾಟಬಹುದು; ಕೈಯ ಡಿಟೆಕ್ಟರನ್ನು ಉಬ್ಬಿನ ಮೇಲೆ ಹಿಡಿಯಬೇಡಿ ಎಂದು ಕಾರ್ಡು ತೋರಿಸಿ. ಇವನ್ನೆಲ್ಲ ಎಲ್ಲರೂ ಹೇಳುತ್ತಾರೆ. ಯಾರೂ ಕೇಳದೆ ಉಳಿಯುವುದು ನಿಮ್ಮ ಕಸುಬು. ತೋಟದ ಸುತ್ತ ಆನೆಗೋ ಹಂದಿಗೋ ಸೋಲಾರ್ ಬೇಲಿ ಇದೆಯೇ? ಅದು ಮೈಗೆ ತಗಲಬಾರದು. ಕಳೆ ಕತ್ತರಿಸುವ ಯಂತ್ರ, ಮರ ಕೊಯ್ಯುವ ಚೈನ್‌ಸಾ ಹಿಡಿಯುತ್ತೀರೋ? ಅದರ ಪ್ಲಗ್ಗು ಎದೆಯಿಂದ ಒಂದಡಿಯಾದರೂ ದೂರವಿರಲಿ. ಪಂಪ್‌ಸೆಟ್ಟಿನ ಅರ್ಥಿಂಗ್ ಸರಿಯಿದೆಯೇ? ವೆಲ್ಡಿಂಗ್ ಕೆಲಸದವರಾದರೆ ಕೇಳದೆ ಮತ್ತೆ ಶುರುಮಾಡಲೇಬೇಡಿ. ಮಂಡಿನೋವಿಗೆ ಫಿಸಿಯೋಥೆರಪಿಗೆ ಹೋದಾಗ ಕೊಡುವ “ಕರೆಂಟು”, ಶಾಖ ಕೊಡುವ ಡಯಾಥರ್ಮಿ, ಇವಕ್ಕೆ ಮೊದಲು ಪೇಸ್‌ಮೇಕರ್ ಇದೆ ಎಂದು ಹೇಳಿ. ಡಯಾಥರ್ಮಿ ಅಂತೂ ಬೇಡವೇ ಬೇಡ. ಬೇರೆ ಯಾವ ಆಪರೇಷನ್ ಆದರೂ ಅರಿವಳಿಕೆಯ ವೈದ್ಯರಿಗೆ ಮುಂಚೆಯೇ ಗೊತ್ತಿರಬೇಕು. ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಚಾಕುವಿನ ಅಲೆಗಳನ್ನು ಪೇಸ್‌ಮೇಕರ್ ಹೃದಯದ ಬಡಿತವೆಂದು ಭ್ರಮಿಸಿ ಸುಮ್ಮನಾಗಿಬಿಡಬಹುದು.

ಎಂಆರ್‌ಐ ವಿಷಯದಲ್ಲಿ ಒಂದೇ ಎಚ್ಚರಿಕೆ. ಪೇಸ್‌ಮೇಕರಿನ ಡಬ್ಬಿ ಎಂಆರ್‌ಐಗೆ ಹೊಂದುವಂಥದ್ದಾದರೆ ಸಾಲದು, ಒಳಗಿನ ತಂತಿಗಳೂ ಹೊಂದಬೇಕು. ಹಳೆಯ ತಂತಿಗೆ ಹೊಸ ಡಬ್ಬಿ ಜೋಡಿಸಿದವರು ಇದನ್ನು ಕೇಳಲೇಬೇಕು. ಸ್ಕ್ಯಾನಿನ ಮುಂಚೆ ಪೇಸ್‌ಮೇಕರನ್ನು ಎಂಆರ್‌ಐ ಸ್ಥಿತಿಗೆ ತರುವವರು ಯಾರು, ಮುಗಿದ ಮೇಲೆ ಹಿಂದಿನ ಲೆಕ್ಕಕ್ಕೆ ಮರಳಿಸುವವರು ಯಾರು ಎಂದೂ ಕೇಳಿ.

ಮಗನ ಮನೆಗೆಂದು ಆರು ತಿಂಗಳು ಅಮೆರಿಕಕ್ಕೋ ಪುಣೆಗೋ ಹೋಗುವವರು ಹೊರಡುವ ಮುಂಚೆ ಒಮ್ಮೆ ತೋರಿಸಿಕೊಂಡು, ಕಂಪನಿ, ಮಾದರಿ, ಸೀರಿಯಲ್ ನಂಬರು, ತಂತಿಗಳ ವಿವರ ಇರುವ ಕಾರ್ಡಿನ ಫೋಟೋ ಮೊಬೈಲಿನಲ್ಲಿಟ್ಟುಕೊಳ್ಳಿ. ಕಂಪನಿ ಯಾವುದೆಂದು ಗೊತ್ತಿಲ್ಲದೆ ಅಲ್ಲಿನವರು ಯಾವ ಪ್ರೋಗ್ರಾಮರ್ ತರಬೇಕು? ಕೆಲವು ಮಾದರಿಗಳು ಮನೆಯಿಂದಲೇ ಮಾಹಿತಿ ಕಳಿಸುತ್ತವೆ. ನಿಮ್ಮದರಲ್ಲಿ ಆ ಸೌಲಭ್ಯವಿದ್ದರೆ ಕೇಳಬೇಕಾದ್ದು, ಅದನ್ನು ಓದುವವರು ಯಾರು, ಎಷ್ಟು ದಿನಕ್ಕೊಮ್ಮೆ ಎಂದು. ಅದು ತುರ್ತುಸೇವೆ ಅಲ್ಲ. ಎದೆನೋವು ಬಂದರೆ ಡಬ್ಬಿ ಆಂಬುಲೆನ್ಸ್ ಕರೆಯುವುದಿಲ್ಲ.

ಕೊನೆಗೂ ಅಜ್ಜಿಯ ಬ್ಯಾಟರಿಗೆ ಬಂದೆ. ಅದು ಟಾರ್ಚಿನ ಹಾಗೆ ಒಮ್ಮೆಲೇ ಆರುವುದಿಲ್ಲ. ಬದಲಾಯಿಸುವ ಕಾಲ ಬಂತು ಎಂದು ಮುಂಚೆಯೇ ಸೂಚನೆ ಕೊಡುತ್ತದೆ, ಆಮೇಲೂ ಸಾಮಾನ್ಯವಾಗಿ ಸುಮಾರು ಮೂರು ತಿಂಗಳ ಅವಕಾಶವಿರುತ್ತದೆ. ಪ್ರೋಗ್ರಾಮರ್ ಇಲ್ಲದ ಊರಲ್ಲೂ ಉಬ್ಬಿನ ಮೇಲೆ ಮ್ಯಾಗ್ನೆಟ್ ಇಟ್ಟು ಇಸಿಜಿ ತೆಗೆದರೆ ಸುಳಿವು ಸಿಗುತ್ತದೆ. ಮೆಡ್‌ಟ್ರಾನಿಕ್ ಪೇಸ್‌ಮೇಕರುಗಳಲ್ಲಿ ಆಗ ಬಡಿತ 85 ಇದ್ದರೆ ಬ್ಯಾಟರಿ ಗಟ್ಟಿ, 65ಕ್ಕೆ ಇಳಿದಿದ್ದರೆ ಬದಲಾವಣೆಯ ಕಾಲ. ಉಳಿದ ಕಂಪನಿಗಳ ಸಂಖ್ಯೆ ಬೇರೆ, ನಿಮ್ಮದರದ್ದನ್ನು ಕೇಳಿ ಕಾರ್ಡಿನ ಹಿಂದೆ ಬರೆದುಕೊಳ್ಳಿ. ಬದಲಾವಣೆ ಎಂದರೆ ಬರೀ ಬ್ಯಾಟರಿಯಲ್ಲ, ಇಡೀ ಡಬ್ಬಿ. ತಂತಿ ಚೆನ್ನಾಗಿದ್ದರೆ ಹಳೆಯದೇ ಇರುತ್ತದೆ. ಸೋಂಕಿನ ಅಪಾಯ ಮೊದಲ ಸಲಕ್ಕಿಂತ ಈ ಸಲ ಹೆಚ್ಚು, ಆದ್ದರಿಂದ ಅವಸರವೂ ಬೇಡ, ತಡವೂ ಬೇಡ. ಖರ್ಚು ಎಷ್ಟು, ವಾರಂಟಿ ಏನು ಹೇಳುತ್ತದೆ, ಸರ್ಕಾರದ ಯೋಜನೆಯಲ್ಲೋ ವಿಮೆಯಲ್ಲೋ ಬರುತ್ತದೆಯೇ ಎಂಬುದನ್ನು ಒಂದು ವರ್ಷ ಮುಂಚೆ ವಿಚಾರಿಸಿ. ಯಂತ್ರದಲ್ಲಿ ದೋಷವಿದೆ ಎಂದು ಕಂಪನಿಯೇ ಎಚ್ಚರಿಕೆ ಹೊರಡಿಸುವುದೂ ಉಂಟು. ನನ್ನ ಮಾದರಿಗೆ ಅಂಥದ್ದೇನಾದರೂ ಬಂದಿದೆಯೇ ಎಂದು ಪ್ರತಿ ಭೇಟಿಯಲ್ಲೂ ಕೇಳಬಹುದು. ಇಂಥ ದೂರುಗಳಿಗೆಂದೇ ನಮ್ಮ ದೇಶದಲ್ಲಿ 2015ರಿಂದ ಮಟೀರಿಯೋವಿಜಿಲೆನ್ಸ್ ಎಂಬ ಸರ್ಕಾರಿ ವ್ಯವಸ್ಥೆಯಿದೆ.

ಉಳಿದದ್ದು ಒಂದೇ ಪ್ರಶ್ನೆ, ಇದನ್ನು ಕೇಳಬೇಕಾದವರು ಮನೆಯವರು. ನಮ್ಮಲ್ಲಿ ಬಹಳ ಮಂದಿಗೆ ದಹನ ಸಂಸ್ಕಾರ. ಬೆಂಕಿಯಲ್ಲಿ ಪೇಸ್‌ಮೇಕರಿನ ಬ್ಯಾಟರಿ ಸಿಡಿಯುತ್ತದೆ. ವಿದ್ಯುತ್ ಚಿತಾಗಾರದ ಕುಲುಮೆಗೂ ಪೆಟ್ಟು, ಹತ್ತಿರ ನಿಂತವರಿಗೂ ಅಪಾಯ. ಅದಕ್ಕೆ ಮುಂಚೆ ತೆಗೆಸಬೇಕು. ವೈದ್ಯರಿಗೆ ಕೆಲವೇ ನಿಮಿಷದ ಕೆಲಸ, ಸಣ್ಣ ಗಾಯ, ಹೊಲಿದುಬಿಡುತ್ತಾರೆ. ಆಸ್ಪತ್ರೆಯಲ್ಲಿ ತೀರಿಕೊಂಡರೆ ಅಲ್ಲೇ ಹೇಳಬಹುದು. ಮನೆಯಲ್ಲಾದರೆ ಯಾರನ್ನು ಕರೆಯಬೇಕು, ಅವರು ಬರುತ್ತಾರೆಯೇ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಅಪ್ಪ ಅಮ್ಮ ಎದುರಿಗಿರುವಾಗ ಇದನ್ನು ಕೇಳುವುದು ಹೇಗೆ ಎಂದು ಮಕ್ಕಳು ಮುಜುಗರಪಡುತ್ತಾರೆ. ನಾನು ಕಂಡಂತೆ ಹಿರಿಯರಿಗೆ ಅಂಥ ಮುಜುಗರವಿಲ್ಲ, ಎಷ್ಟೋ ಮಂದಿ ತಾವೇ ಕೇಳಿ, ಉತ್ತರವನ್ನು ಮಗಳ ಕೈಯಲ್ಲಿ ಫೈಲಿನ ಮೊದಲ ಹಾಳೆಯ ಮೇಲೆ ಬರೆಸಿದ್ದಾರೆ.